ಸೌಟು ಹಿಡಿದ ಕೈಯ ಚರಿತ್ರೆ

ಜೀಪಿನಲ್ಲಿ ಹಳ್ಳಿಗೆ ಬಂದಿಳಿಯುವ ಸಾಹೇಬರು ಅಂಗನವಾಡಿಯ ಅಕ್ಕನನ್ನೋ ಬಿಸಿಯೂಟ ಬೇಯಿಸುವ ಅವ್ವನನ್ನೋ ಕಂಡರೆ ಎರಡು ಪ್ರಶ್ನೆ ಕೇಳುವುದುಂಟು. 'ಇಷ್ಟು ಕಮ್ಮಿ ದುಡ್ಡಿಗೆ ಯಾಕಮ್ಮಾ ಬಂದೆ?' ಅನ್ನುವುದು ಒಂದು. 'ಬಂದವಳು ಇಷ್ಟು ವರ್ಷ ಬಿಟ್ಟು ಹೋಗದೆ ಹೆಂಗಿದ್ದೀಯ?' ಅನ್ನುವುದು ಇನ್ನೊಂದು. ಆಕೆ ನಕ್ಕು ಸುಮ್ಮನಾಗುತ್ತಾಳೆ. ಸಾಹೇಬರು ಉತ್ತರವನ್ನು ತಾವೇ ಬರೆದುಕೊಂಡು ಹೋಗುತ್ತಾರೆ: ತಾಯಿಯ ಮಮತೆ, ಸೇವಾ ಮನೋಭಾವ.

ಈ ಉತ್ತರ ನಮಗೆ ಒಪ್ಪಿಗೆಯಿಲ್ಲ. ಆಕೆಗೆ ಮಮತೆ ಇಲ್ಲ ಅಂತಲ್ಲ. ಹಸಿದ ಮಗುವಿನ ಮುಂದೆ ಕೂತ ಯಾವ ಹೆಂಗಸಿಗೆ ಅದು ಇರುವುದಿಲ್ಲ? ಆದರೆ ಮಮತೆಯ ಮಾತು ಬಂದ ಕಡೆಯೆಲ್ಲ ಕೂಲಿಯ ಮಾತು ಮರೆಯಾಗುತ್ತದೆ. ಜಾತಿಯ ಮಾತಂತೂ ಏಳುವುದೇ ಇಲ್ಲ. ನಮ್ಮ ಹೆಂಗಸರು ಈ ಕೆಲಸಕ್ಕೆ ಯಾಕೆ ಬಂದರು, ಬಂದ ಮೇಲೆ ಯಾಕೆ ಕಚ್ಚಿಕೊಂಡು ನಿಂತರು ಅನ್ನುವುದನ್ನು ತಿಳಿಯಬೇಕಾದರೆ ಮಮತೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಚರಿತ್ರೆಯನ್ನು ಕೇಳಬೇಕು. ಅದು ಸೌಟಿನ ಚರಿತ್ರೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನಾಚಿಕೆಯಿಂದ ಹೇಳುತ್ತೇವೆ, ನಮ್ಮ ಇಂಥ ಪತ್ರಿಕೆಗಳಲ್ಲೂ ಹೆಚ್ಚಾಗಿ ಇಲ್ಲ.

ಕಾಳು ಮುಟ್ಟಬಹುದು, ಅನ್ನ ಮುಟ್ಟಬಾರದು

ನಮ್ಮ ಅಜ್ಜಿಯರು ಒಡೆಯರ ಗದ್ದೆಯಲ್ಲಿ ನಾಟಿ ಹಾಕಿದರು, ಕಳೆ ಕಿತ್ತರು, ಕುಯ್ದರು, ಕಣದಲ್ಲಿ ತೂರಿದರು, ಮೊರದಲ್ಲಿ ಕೇರಿದರು. ಅಲ್ಲಿಯತನಕ ಅವರ ಕೈಗೆ ಯಾವ ಮೈಲಿಗೆಯೂ ಇರಲಿಲ್ಲ. ಅದೇ ಕಾಳು ನೀರು ಬೆಂಕಿ ಕಂಡು ಅನ್ನವಾದ ಗಳಿಗೆಯಿಂದ ಅದೇ ಕೈ ಮೈಲಿಗೆಯಾಯಿತು! ಬೆಳೆಯುವ ಕೈ ಬೇಕು, ಬಡಿಸುವ ಕೈ ಬೇಡ. ಈ ವ್ಯವಸ್ಥೆಯ ಗುಟ್ಟೆಲ್ಲ ಈ ಒಂದು ಲೆಕ್ಕದಲ್ಲಿದೆ.

1876-77ರಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಬರ ಬಿತ್ತು. ನಮ್ಮ ಹಿರಿಯರು ಇದನ್ನು ಧಾತು-ಈಶ್ವರದ ಬರ ಅನ್ನುತ್ತಿದ್ದರು. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಅದೇ ಬರ ಮಹಾರಾಷ್ಟ್ರವನ್ನೂ ಸುಟ್ಟಿತು. ಅಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆಯವರ ಸತ್ಯಶೋಧಕ ಸಮಾಜ ಹಸಿದ ಮಕ್ಕಳಿಗೆ ಊಟದ ಕೇಂದ್ರಗಳನ್ನು ತೆರೆಯಿತು. 1877ರ ಏಪ್ರಿಲ್ 20ರಂದು ಜುನ್ನರ್ ಸೀಮೆಯ ಓತೂರಿನಿಂದ ಸಾವಿತ್ರಿಬಾಯಿ ಗಂಡನಿಗೆ ಬರೆದ ಕಾಗದದಲ್ಲಿ ಆ ಬರದ ಚಿತ್ರವಿದೆ. ಮಾಲಿ ಜಾತಿಯ ಹೆಣ್ಣುಮಗಳು, ಶಾಲೆಗೆ ಹೋಗುವಾಗ ಸಗಣಿ ಎರಚಿಸಿಕೊಂಡವಳು, ಬರದಲ್ಲಿ ಊರೂರು ತಿರುಗಿ ಅನ್ನದ ಏರ್ಪಾಟಿಗೆ ನಿಂತಳು. ಅಕ್ಷರದ ಕೆಲಸವೂ ಅನ್ನದ ಕೆಲಸವೂ ಆಕೆಗೆ ಬೇರೆ ಬೇರೆಯಾಗಿ ಕಾಣಲಿಲ್ಲ. ನಮ್ಮ ಚರಿತ್ರೆಯ ಮೊದಲ ಎಳೆ ಇದು.

ಆಮೇಲಿನ ಎಳೆ ಸರ್ಕಾರದ್ದು. 1920ರ ದಶಕದಲ್ಲೇ ಮದ್ರಾಸ್ ನಗರಸಭೆ ತನ್ನ ಶಾಲೆಗಳಲ್ಲಿ ಬಡಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟಿತು. 1956ರಲ್ಲಿ ಕಾಮರಾಜರು ಅದನ್ನು ರಾಜ್ಯಕ್ಕೆ ಹಬ್ಬಿಸಿದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಇನ್ನೂ ದೊಡ್ಡದು ಮಾಡಿದರು. ನಮ್ಮ ಕಡೆ? 1960, 70ರ ದಶಕಗಳಲ್ಲಿ ನಮ್ಮಲ್ಲಿ ಹಲವರು ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದೇ ಅಕ್ಷರ ಕಲಿತವರು. ಅಮೆರಿಕದ ಹಳದಿ ಜೋಳದ ಹಿಟ್ಟು, ಹಾಲಿನ ಪುಡಿ, ಡಬ್ಬದ ಎಣ್ಣೆ. ತಟ್ಟೆ ಇಲ್ಲದವರು ಮುತ್ತುಗದ ಎಲೆ ಹಿಡಿದು ನಿಂತೆವು. ಸಮುದ್ರ ದಾಟಿ ಬಂದ ಹಿಟ್ಟಿಗೆ ಮೈಲಿಗೆ ಇರಲಿಲ್ಲ. ಅದನ್ನು ಕೆದಕುವ ಕೈ ಯಾರದು ಅನ್ನುವುದಕ್ಕೆ ಮಾತ್ರ ಲೆಕ್ಕವಿತ್ತು. ನಮ್ಮ ಅವ್ವಂದಿರು ಸೌದೆ ತಂದು ಹಾಕಬಹುದಿತ್ತು. ಪಾತ್ರೆ ತಿಕ್ಕಿ ಬೋರಲು ಹಾಕಬಹುದಿತ್ತು. ಒಲೆಯ ಹತ್ತಿರ ಬರುವ ಹಾಗಿರಲಿಲ್ಲ.

ಟಿ. ನರಸೀಪುರದಲ್ಲಿ ಒಲೆ ಹತ್ತಿತು

1975ರ ಅಕ್ಟೋಬರ್ 2. ದೇಶದಲ್ಲಿ ತುರ್ತು ಪರಿಸ್ಥಿತಿ. ಆ ಗಾಂಧಿ ಜಯಂತಿಯ ದಿನ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ಆರು ವರ್ಷದೊಳಗಿನ ಮಕ್ಕಳು, ಬಸುರಿಯರು, ಬಾಣಂತಿಯರು, ಇವರಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಕ್ಕಳಿಗೆ ಆಟ-ಪಾಠ. ಇಷ್ಟೆಲ್ಲ ಕೆಲಸಕ್ಕೆ ಊರಿನವಳೇ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಪಾಸಾಗದವಳಿಗೆ 100, ಸಹಾಯಕಿಗೆ 35. ಅದನ್ನು ಸಂಬಳ ಅನ್ನಲಿಲ್ಲ, 'ಗೌರವಧನ' ಅಂದರು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಬಣ್ಣ ಬಯಲಾಗುತ್ತದೆ.

ಈ ಕೆಲಸಕ್ಕೆ ಹೆಂಗಸರು ಯಾಕೆ ಬಂದರು? ಪೌಷ್ಟಿಕತೆಯ ಪಾಠ ಕೇಳಿ ಯಾರೂ ಬರಲಿಲ್ಲ. ಪ್ರೋಟೀನು, ಕ್ಯಾಲೊರಿ ಅನ್ನುವ ಮಾತುಗಳು ಆಮೇಲೆ ತರಬೇತಿಯಲ್ಲಿ ಕಿವಿಗೆ ಬಿದ್ದವು. ಬಂದದ್ದು ದುಡ್ಡಿಗೆ. ಇದನ್ನು ಹೇಳಲು ನಾಚಿಕೆ ಬೇಕಿಲ್ಲ. ಗಂಡ ಸತ್ತವಳು ಬಂದಳು, ಗಂಡ ಬಿಟ್ಟವಳು ಬಂದಳು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಲು ಪೇಟೆಗೆ ಕಳಿಸುವವರಿಲ್ಲದೆ ಮನೆಯಲ್ಲಿ ಕೂತ ಹುಡುಗಿ ಬಂದಳು. ಕಂಕುಳ ಮಗುವನ್ನು ಬಿಟ್ಟು ದೂರ ಕೂಲಿಗೆ ಹೋಗಲಾರದವಳು ಬಂದಳು. ಇಲ್ಲಿ ಅವಳ ಮಗುವಿಗೂ ಒಂದು ಹಿಡಿ ಸಿಗುತ್ತಿತ್ತು.

ಆದರೆ ದುಡ್ಡಿನಲ್ಲೂ ದುಡ್ಡಿಗೆ ವ್ಯತ್ಯಾಸವಿದೆ. ಒಡೆಯನ ಹೊಲದ ಕೂಲಿ ಒಡೆಯನ ಜಗಲಿಯ ಕೆಳಗೆ ನಿಂತು ಇಸಕೊಳ್ಳುವ ದುಡ್ಡು. ಮಳೆ ಹೋದರೆ ಇಲ್ಲ, ಅವನಿಗೆ ಸಿಟ್ಟು ಬಂದರೂ ಇಲ್ಲ. ಈ 35 ರೂಪಾಯಿ ಹಾಗಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿತ್ತು. ಇಂಥವನ ಹೆಂಡತಿ, ಇಂಥವರ ಜೀತದಾಳಿನ ಸೊಸೆ ಅಂತಲ್ಲ, ಅವಳದೇ ಹೆಸರು. ಅದರ ಮುಂದೆ ಸಹಿಯೋ ಹೆಬ್ಬೆಟ್ಟೋ ಹಾಕಿ ಎಣಿಸಿಕೊಂಡ ದುಡ್ಡು ಊರ ಗೌಡನ ಕೈ ದಾಟಿ ಬಂದದ್ದಲ್ಲ. ಚಿಕ್ಕ ಮೊತ್ತ ಹೌದು. ಆದರೆ ಊರಿನಲ್ಲಿ ಯಾರ ಹಂಗೂ ಇಲ್ಲದ ಮೊತ್ತ. ಇದನ್ನು ಅರ್ಥ ಮಾಡಿಕೊಳ್ಳದೆ 'ಇಷ್ಟು ಕಮ್ಮಿಗೆ ಯಾಕೆ ಬಂದೆ' ಅಂತ ಕೇಳುವವರಿಗೆ ಹಳ್ಳಿ ಗೊತ್ತಿಲ್ಲ.

ಬಂದವರೆಲ್ಲ ನಮ್ಮ ಕೇರಿಯವರೇ ಅಂತ ನಾವು ಹೇಳುತ್ತಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಓದಿನ ಅನುಕೂಲ ಇದ್ದವರು ಕಾರ್ಯಕರ್ತೆಯರಾದರು, ಕೇರಿಯವರಿಗೆ ಹೆಚ್ಚಾಗಿ ಸಿಕ್ಕಿದ್ದು ಸಹಾಯಕಿಯ ಕೆಲಸ. ಕೇಂದ್ರ ಎಲ್ಲಿರಬೇಕು ಅನ್ನುವುದಕ್ಕೇ ಜಗಳ. ಗುಡಿಯ ಜಗಲಿಯಲ್ಲಿ ಮಾಡಿದರೆ ಕೇರಿಯ ಕೂಸುಗಳು ಹೊಸಲು ತುಳಿಯುವ ಹಾಗಿಲ್ಲ. ಕೇರಿಯಲ್ಲಿ ಮಾಡಿದರೆ ಊರಿನ ಕೂಸುಗಳು ಬರುವುದಿಲ್ಲ. ಮೂರು ವರ್ಷದ ಮಗುವಿಗೆ ಜಾತಿ ಗೊತ್ತಿರಲಿಲ್ಲ. ಅದನ್ನು ಎತ್ತಿಕೊಂಡು ಬರುವವರಿಗೆ ಗೊತ್ತಿತ್ತು.

ನಾವು ಎಲ್ಲಿದ್ದೆವು?

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. 1973ರ ಬೂಸಾ ಗಲಾಟೆಯಲ್ಲಿ ನಾವು ಬೀದಿಯಲ್ಲಿದ್ದೆವು. ದಲಿತ ಸಂಘರ್ಷ ಸಮಿತಿ ಕಟ್ಟಿದೆವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬಾವಿಯ ನೀರಿಗೆ, ಗುಡಿಯ ಬಾಗಿಲಿಗೆ, ಹೋಟೆಲಿನ ಲೋಟಕ್ಕೆ, ತುಂಡು ಭೂಮಿಗೆ ಹೋರಾಡಿದೆವು. ಇವೆಲ್ಲ ಬೇಕಾದ ಹೋರಾಟಗಳೇ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರೆತ್ತಿ ಕುಡಿದದ್ದೇ ನಮಗೆ ದಾರಿ.

ಆದರೆ ನೋಡಿ, ಇವೆಲ್ಲ ನಾವು ತೆಗೆದುಕೊಳ್ಳುವ ಹಕ್ಕಿನ ಹೋರಾಟಗಳು. ಅವರ ಬಾವಿಯ ನೀರನ್ನು ನಾವು ಸೇದುವುದು. ನಾವು ಕೊಟ್ಟದ್ದನ್ನು ಅವರು ಉಣ್ಣುವುದು ಇನ್ನೊಂದೇ ಹೋರಾಟ. ಜಾತಿಗೆ ಇದು ಇನ್ನೂ ಆಳದಲ್ಲಿ ಚುಚ್ಚುತ್ತದೆ, ಯಾಕೆಂದರೆ ನಮ್ಮ ಕೈಯ ಅನ್ನ ಅವರ ಹೊಟ್ಟೆಯೊಳಕ್ಕೆ ಹೋಗುತ್ತದೆ. ಈ ಹೋರಾಟವನ್ನು ಯಾವ ಭಾಷಣವೂ ಇಲ್ಲದೆ, ಬಾವುಟವೂ ಇಲ್ಲದೆ, ದಿನಾ ಹನ್ನೊಂದು ಗಂಟೆಗೆ ಒಲೆ ಹಚ್ಚಿ ಮಾಡುತ್ತಿದ್ದವರು ನಮ್ಮ ಅಕ್ಕಂದಿರು, ಅತ್ತಿಗೆಯರು. ನಾವು ಸಭೆ ಮುಗಿಸಿ ರಾತ್ರಿ ಮನೆಗೆ ಬಂದು ಅವರು ಬಡಿಸಿದ ಮುದ್ದೆ ಉಂಡು ಮಲಗಿದೆವು. ಇವತ್ತು ಏನಾಯಿತು ಅಂತ ಕೇಳಲಿಲ್ಲ.

ಅಕ್ಕಿ ಅನ್ನವಾದಾಗ

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಶಾಲಾಮಕ್ಕಳಿಗೆ ಪೌಷ್ಟಿಕ ಆಹಾರದ ರಾಷ್ಟ್ರೀಯ ಯೋಜನೆ ತಂದಿತು. ಹೆಚ್ಚಿನ ಕಡೆ ಅದು ಬೇಯಿಸಿದ ಊಟವಾಗಿರಲಿಲ್ಲ. ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ. ಮಕ್ಕಳು ಚೀಲ ಹಿಡಿದು ಬಂದರು, ಹೊತ್ತುಕೊಂಡು ಹೋದರು. ಆಗ ಜಾತಿ ಬಾಯಿ ಬಿಡಲಿಲ್ಲ. ಹಸಿ ಅಕ್ಕಿಯಲ್ಲವೇ!

2001ರಲ್ಲಿ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ, ಇದೆಂಥ ನ್ಯಾಯ ಅನ್ನುವುದು ದಾವೆಯ ಸಾರ. ಆ ವರ್ಷ ನವೆಂಬರ್ 28ರಂದು ಕೋರ್ಟು ಹೇಳಿತು: ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ಬೇಯಿಸಿದ ಊಟ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ 2002ರ ಜೂನಿನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಹೆಸರು 'ಅಕ್ಷರ ದಾಸೋಹ'. ಶರಣರ ಮಾತನ್ನು ಸರ್ಕಾರ ಎರವಲು ಪಡೆಯಿತು. ಶರಣರ ಕಾಲದ ಪ್ರಶ್ನೆಯೂ ಜೊತೆಗೇ ಬಂತು: ದಾಸೋಹದಲ್ಲಿ ಬಡಿಸುವವರು ಯಾರು?

2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಇದಕ್ಕೂ ಉತ್ತರ ಕೊಟ್ಟಿತು. ಅಡುಗೆಯವರನ್ನು, ಸಹಾಯಕರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು. ಆ ದಿನ ಸೌಟು ಕಾನೂನಿನ ಕೈಯಿಂದ ನಮ್ಮ ಅವ್ವಂದಿರ ಕೈಗೆ ಬಂತು.

ಕಾನೂನು ಸೌಟು ಕೊಟ್ಟಿತು, ತಟ್ಟೆ ಒಡ್ಡುವವರನ್ನು ಕೊಡಲಿಲ್ಲ. 2015ರಲ್ಲಿ ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಸುದ್ದಿ ದೇಶದ ಪತ್ರಿಕೆಗಳಿಗೆಲ್ಲ ಬಂತು. ದಲಿತ ಹೆಂಗಸೊಬ್ಬಳು ಅಡುಗೆಗೆ ಬಂದಳೆಂದು 118 ಮಕ್ಕಳ ಶಾಲೆಯಿಂದ 100 ಮಕ್ಕಳನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋದರು. 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಶಾಲೆಯೊಂದರಲ್ಲಿ ಮೇಲ್ಜಾತಿ ಮಕ್ಕಳು ಊಟ ಬಿಟ್ಟಾಗ ದಲಿತ ಅಡುಗೆಯವಳನ್ನೇ ಕೆಲಸದಿಂದ ತೆಗೆದರು. ಆಗ ಅಲ್ಲಿಯ ದಲಿತ ಮಕ್ಕಳು, ಅವಳ ಜಾಗಕ್ಕೆ ಬಂದ ಮೇಲ್ಜಾತಿಯ ಅಡುಗೆಯವಳ ಊಟ ನಮಗೂ ಬೇಡ ಅಂದರು. ಕೊನೆಗೆ ಆಕೆಯನ್ನು ಮತ್ತೆ ತೆಗೆದುಕೊಳ್ಳಬೇಕಾಯಿತು. ಆ ಮಕ್ಕಳು ನಮಗಿಂತ ಮುಂದಿದ್ದಾರೆ.

ಬೇಯಿಸಿದ ಅನ್ನವನ್ನು ಯಾರೂ ಮುಟ್ಟದ ದಿನ ಆ ಹೆಂಗಸು ಏನು ಮಾಡಿಯಾಳು ಅಂತ ಯೋಚಿಸಿ. ಬೇಳೆ ಬೆಂದಿದೆ. ಗಂಟೆ ಹೊಡೆದಿದೆ. ಸಾಲು ಬರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಹಾಜರಿ ಪುಸ್ತಕ ನೋಡುತ್ತಿದ್ದಾರೆ. ಆಕೆ ಅನ್ನವನ್ನು ಮುಚ್ಚಿಟ್ಟು ಕೂರುತ್ತಾಳೆ. ಮಾರನೆ ದಿನ? ಮಾರನೆ ದಿನವೂ ಬರುತ್ತಾಳೆ. ಯಾಕೆ? ಆ ತಿಂಗಳ ದುಡ್ಡಿಗೆ ಅಂತ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಅಷ್ಟು ದುಡ್ಡನ್ನು ಈರುಳ್ಳಿ ಕೀಳುವ ಕಡೆಯೂ ದುಡಿಯಬಹುದು, ಅವಮಾನವಿಲ್ಲದೆ. ನಮ್ಮ ಕಡೆ ಇಂಥ ಹೆಂಗಸರು ಹೇಳುವ ಮಾತು ಒಂದೇ: 'ನಾಳೆ ನಾನು ಬರ್ನಿಲ್ಲ ಅಂದ್ರೆ ಅವರು ಗೆದ್ದಂಗೆ ಕಣಪ್ಪ. ನನ್ ಕೈ ಮೈಲಿಗೆ ಅನ್ನೋದು ನಾನೇ ಒಪ್ಕಂಡಂಗೆ.'

ಇದು ಶುರುವಿನಲ್ಲಿ ಇದ್ದ ಕಾರಣ ಅಲ್ಲ. ಕೆಲಸದೊಳಗೇ ಹುಟ್ಟಿದ ಕಾರಣ. ಬಂದದ್ದು ಹೊಟ್ಟೆಗೆ, ನಿಂತದ್ದು ಮಾನಕ್ಕೆ. ಎಲ್ಲ ಕಡೆಯೂ ಹೀಗೇ ಜಗಳವಾಯಿತು ಅಂತಲೂ ಅಲ್ಲ. ಸಾವಿರಾರು ಶಾಲೆಗಳಲ್ಲಿ ಹಸಿವು ಜಾತಿಯನ್ನು ಸೋಲಿಸಿದೆ. ಮನೆಯಲ್ಲಿ ಹೇಳಬೇಡ ಅಂತ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ ಉಣ್ಣಲು ಕೂತ ಮಕ್ಕಳು ವರ್ಷ ಕಳೆಯುವುದರಲ್ಲಿ 'ಇನ್ನೊಂಚೂರು ಸಾರು ಹಾಕಕ್ಕ' ಅನ್ನತೊಡಗಿದ್ದಾರೆ. ಬೀದಿಯಲ್ಲಿ 'ಏ ಇವಳೇ' ಅನ್ನಿಸಿಕೊಂಡವಳಿಗೆ 'ಅಕ್ಕ' ಅನ್ನುವ ಮಾತು ಮೊದಲು ಸಿಕ್ಕಿದ್ದು ಆ ಸಾಲಿನಲ್ಲಿ. ಅದಕ್ಕೆ ಬೆಲೆ ಕಟ್ಟುವ ತಕ್ಕಡಿ ಯಾವ ಇಲಾಖೆಯಲ್ಲೂ ಇಲ್ಲ.

ಸಹಪಂಕ್ತಿಯೊಂದರಿಂದಲೇ ಜಾತಿ ಸಾಯುವುದಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಎಚ್ಚರಿಸಿದ್ದಾರೆ. ನಾವು ಅದನ್ನು ಮರೆತಿಲ್ಲ. ಶಾಲೆಯಲ್ಲಿ ಉಂಡ ಹುಡುಗ ನಾಳೆ ಮದುವೆಯ ಮಾತು ಬಂದಾಗ ತನ್ನ ಬೀದಿಗೇ ಹೋಗುತ್ತಾನೆ. ಆದರೆ ದಿನಾ ನಮ್ಮ ಕೈಯಲ್ಲಿ ಉಂಡವನು ಆ ಕೈಯನ್ನು ಮೈಲಿಗೆ ಅನ್ನಬೇಕಾದರೆ ಇನ್ನು ಸುಳ್ಳು ಹೇಳಬೇಕಾಗುತ್ತದೆ. ಅಷ್ಟಾದರೂ ಆಗಿದೆ.

ಉಣ್ಣುವ ಹೆಂಗಸು

ಬಡಿಸುವವಳ ಮಾತಾಯಿತು. ಉಣ್ಣುವ ಹೆಂಗಸಿನ ಮಾತೂ ಇದೆ. 2017ರ ಅಕ್ಟೋಬರ್ 2ರಂದು 'ಮಾತೃಪೂರ್ಣ' ಯೋಜನೆ ಕರ್ನಾಟಕಕ್ಕೆಲ್ಲ ಬಂತು. ಬಸುರಿಯರು, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿ ಊಟ ಉಣ್ಣಬೇಕು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಹಿಂದೆ ಮನೆಗೆ ಕೊಡುತ್ತಿದ್ದ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಬಸುರಿಯ ಪಾಲಿಗೆ ತಳದ ಪುಡಿ ಉಳಿಯುತ್ತಿತ್ತು. ಅದಕ್ಕೇ ಈ ಏರ್ಪಾಟು.

ಮೊದಮೊದಲು ಎಷ್ಟೋ ಕಡೆ ಹೆಂಗಸರು ಬರಲಿಲ್ಲ. ಅರಿವಿಲ್ಲ ಅಂತ ಬರೆದುಕೊಂಡರು. ಅರಿವಿಲ್ಲದೆ ಅಲ್ಲ. ಮಲೆನಾಡಿನ ಒಂಟಿಮನೆಯ ಬಸುರಿ ಗುಡ್ಡ ಇಳಿದು ಹತ್ತಿ ಬರಬೇಕು. ಕೂಲಿಯವಳು ಅರ್ಧ ದಿನದ ಕೂಲಿ ಬಿಡಬೇಕು. ತವರಿಗೆ ಹೋದ ಬಾಣಂತಿ ಹಸಿಮೈಯಲ್ಲಿ ಹೊರಗೆ ಬರಬಾರದು ಅಂತ ಮನೆಯ ಕಟ್ಟಳೆ. ಅತ್ತೆ ಮನೆಯಲ್ಲಿರುವಾಗ ಸೊಸೆ ಒಬ್ಬಳೇ ಮೊಟ್ಟೆ ತಿಂದು ಬರುವುದೇ? ಇದೆಲ್ಲದರ ಮೇಲೆ ಮೇಲ್ಜಾತಿಯ ಮನೆಗಳಿಗೆ ಒಲೆಯ ಮುಂದೆ ಕೂತವಳು ಯಾರು ಅನ್ನುವ ಹಳೆಯ ಪ್ರಶ್ನೆ.

ಬಂದವರು ಯಾಕೆ ಬಂದರು? ಊಟ ಬಿಸಿಯಾಗಿದ್ದ ಕಡೆ, ಕೇಂದ್ರ ಹತ್ತಿರವಿದ್ದ ಕಡೆ, ಅಕ್ಕ ಮನೆಗೆ ಹೋಗಿ ಅತ್ತೆಯ ಹತ್ತಿರ ಮಾತಾಡಿದ ಕಡೆ ಬಂದರು. ಬಂದವರು ಬಿಡದೆ ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ಕೂತು ಉಣ್ಣುವುದೇ ಹೆಂಗಸಿನ ಊಟ ಅಂತ ಕಲಿತವಳು ಇಲ್ಲಿ ಚಾಪೆಯ ಮೇಲೆ ಕೂತಳು. ಬೇರೆಯವರು ಬಡಿಸಿದರು. ತನ್ನ ಓರಗೆಯ ನಾಲ್ಕು ಜನರ ಜೊತೆ ಕಷ್ಟಸುಖ ಮಾತಾಡುತ್ತ ಉಂಡಳು. ಅರ್ಧ ಗಂಟೆ ಅವಳದಾಯಿತು. ಪೌಷ್ಟಿಕತೆಯ ಪಟ್ಟಿಯಲ್ಲಿ ಈ ಅರ್ಧ ಗಂಟೆಯನ್ನು ಯಾರೂ ಬರೆದಿಲ್ಲ.

ಗೌರವಧನ ಎಂಬ ಮೋಸ

ಈಗ ಆ ಹಳೆಯ ಮಾತಿಗೆ ಬರೋಣ. ಹೆಂಗಸರು ಮಾನಕ್ಕಾಗಿ, ಮಕ್ಕಳಿಗಾಗಿ ಕೆಲಸ ಬಿಡುವುದಿಲ್ಲ ಅನ್ನುವುದು ನಮಗಿಂತ ಮೊದಲೇ ಸರ್ಕಾರಗಳಿಗೆ ಗೊತ್ತಾಯಿತು. ಬಿಡದವರಿಗೆ ಹೆಚ್ಚು ಯಾಕೆ ಕೊಡಬೇಕು? ಅದಕ್ಕೇ 'ಗೌರವ'. ಸಂಬಳ ಅಂದರೆ ಕಾನೂನು ಬರುತ್ತದೆ, ಕನಿಷ್ಠ ಕೂಲಿ ಬರುತ್ತದೆ, ಪಿಂಚಣಿ ಬರುತ್ತದೆ. ಗೌರವ ಅಂದರೆ ಕೈ ಮುಗಿದು ಕಳಿಸಬಹುದು.

2006ರ ಡಿಸೆಂಬರಿನಲ್ಲಿ, ಕರ್ನಾಟಕ ಸರ್ಕಾರವೇ ಹೋಗಿದ್ದ ಮೊಕದ್ದಮೆಯಲ್ಲಿ, ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. 2009ರ ಡಿಸೆಂಬರಿನಿಂದ ಬಿಸಿಯೂಟದ ಅಡುಗೆಯವರಿಗೆ ಕೇಂದ್ರ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ಬೇಸಿಗೆ ರಜೆಯಲ್ಲಿ ಅವರ ಹೊಟ್ಟೆಗೂ ರಜೆ ಅಂತ ಲೆಕ್ಕ! ಮುಂದೆ ಹತ್ತು ವರ್ಷ ದಾಟಿದರೂ ಆ ಅಂಕಿ ಕದಲಲಿಲ್ಲ. ರಾಜ್ಯಗಳು ತಮ್ಮ ಪಾಲಿನಿಂದ ಸೇರಿಸಿದ್ದೇ ಹೆಚ್ಚಳ. 2013ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನ ಯೋಜನಾ ಕೆಲಸಗಾರರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ಕೂಲಿ, ಸಾಮಾಜಿಕ ಭದ್ರತೆ ಕೊಡಿ ಅಂತ ಶಿಫಾರಸು ಮಾಡಿತು. ಕಾಗದ ಕಾಗದವಾಗಿಯೇ ಉಳಿಯಿತು. 2018ರಲ್ಲಿ ಅಂಗನವಾಡಿ ಕಾರ್ಯಕರ್ತೆಯ ಕೇಂದ್ರದ ಗೌರವಧನ 3000ದಿಂದ 4500ಕ್ಕೆ ಏರಿತು, ಸಹಾಯಕಿಯದು 1500ರಿಂದ 2250ಕ್ಕೆ.

ಕೊಟ್ಟದ್ದು ಯಾವುದೂ ತಾನಾಗಿ ಬಂದದ್ದಲ್ಲ. 2017ರ ಮಾರ್ಚಿನಲ್ಲಿ ಸಾವಿರಾರು ಅಂಗನವಾಡಿ ಹೆಂಗಸರು ಬೆಂಗಳೂರಿಗೆ ಬಂದು ರಾತ್ರಿಹಗಲು ಬೀದಿಯಲ್ಲೇ ಕೂತರು, ಅಲ್ಲೇ ಮಲಗಿದರು. ಸೇವೆಯ ಅಮ್ಮಂದಿರು ಅಂತ ಹೊಗಳಿಸಿಕೊಂಡವರು ಅಂದು ಕೆಲಸಗಾರರಾಗಿ ಕಂಡರು. 2022ರ ಏಪ್ರಿಲ್ 25ರಂದು, ಗುಜರಾತಿನ ಹೆಂಗಸರ ಮೊಕದ್ದಮೆಯಲ್ಲಿ, 1972ರ ಗ್ರಾಚ್ಯುಟಿ ಕಾಯಿದೆ ಅಂಗನವಾಡಿಯವರಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 1975ರಿಂದ ಲೆಕ್ಕ ಹಾಕಿ: ಇಷ್ಟು ಒಪ್ಪಿಕೊಳ್ಳಲು ಈ ದೇಶಕ್ಕೆ 47 ವರ್ಷ ಬೇಕಾಯಿತು.

ಈ ಕೆಲಸ ಮುಗಿದಿದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ವಯಸ್ಸಿನ 100 ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಆ ಅರ್ಧದಲ್ಲಿ ಬಡಿಸುವವಳೂ ಇದ್ದಾಳೆ. ಊರ ಮಕ್ಕಳ ತೂಕ ಬರೆಯುವವಳ ತೂಕವನ್ನು ಯಾರೂ ಬರೆಯುವುದಿಲ್ಲ.

ಆದ್ದರಿಂದ ಗೆಳೆಯರೇ, ಸಾಹೇಬರ ಎರಡು ಪ್ರಶ್ನೆಗೆ ನಮ್ಮ ಉತ್ತರ ಇದು. ಯಾರ ಹಂಗೂ ಇಲ್ಲದ ನಾಲ್ಕು ಕಾಸಿಗಾಗಿ ಆಕೆ ಬಂದಳು. ತನ್ನ ಕೈ ಮೈಲಿಗೆಯಲ್ಲ ಅಂತ ದಿನಾ ತೋರಿಸುವುದಕ್ಕಾಗಿ, ಆ ಕೈಗೆ ಕಾಯುವ ಮಕ್ಕಳಿಗಾಗಿ ನಿಂತಳು. ಆಕೆ ನಿಂತದ್ದನ್ನೇ ನೆಪ ಮಾಡಿ ಆಕೆಯ ಕೂಲಿ ಕದಿಯುತ್ತಿದ್ದಾರೆ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ನಿಮ್ಮ ಡಬ್ಬಿಯ ಊಟ ಮನೆಯಲ್ಲೇ ಬಿಟ್ಟು ಬನ್ನಿ. ಮಕ್ಕಳ ಸಾಲಿನಲ್ಲಿ ಕೂತು ಆಕೆ ಬಡಿಸಿದ್ದನ್ನು ಮೊದಲು ನೀವು ಉಣ್ಣಿ. ಊರು ನೋಡಲಿ. ಸಾಲು ಬರದ ದಿನ ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಬೇಡಿ. ಓದುವ ಹುಡುಗ ಹುಡುಗಿಯರೇ, ನಿಮ್ಮೂರಿನ ಒಲೆಯ ಮುಂದೆ ಇಪ್ಪತ್ತು ಮೂವತ್ತು ವರ್ಷ ಕೂತವಳ ಹತ್ತಿರ ಹೋಗಿ ಅವಳ ಕತೆ ಕೇಳಿ ಬರೆದುಕೊಳ್ಳಿ. ಅದು ನಮ್ಮ ಚಳವಳಿಯ ಚರಿತ್ರೆ. ಸಂಘಟನೆಯ ಗೆಳೆಯರೇ, ಆಕೆ ಸಂಬಳಕ್ಕಾಗಿ ಬೀದಿಗಿಳಿದ ದಿನ ನಾವು ಬೆಂಬಲದ ಹೇಳಿಕೆ ಕೊಟ್ಟು ಮನೆಗೆ ಹೋಗುವುದು ಸಾಲದು. ಪಕ್ಕದಲ್ಲಿ ಕೂರಬೇಕು. ಆಕೆ ಮನೆಯಲ್ಲಿಲ್ಲದ ಆ ದಿನಗಳಲ್ಲಿ ಮನೆಯ ಒಲೆಯನ್ನು ನಾವು ಹಚ್ಚಬೇಕು. ಇಷ್ಟು ವರ್ಷ ಆಕೆ ಬಡಿಸಿದ್ದನ್ನು ಉಂಡವರು ನಾವೂ ತಾನೆ.